ಬಿರುಬಿಸಿಲಿನ ಊರಿನಲ್ಲಿ ಬಣ್ಣದ ಹೂಗಳು

“ಮನಿಷ್ಯಾರಿಗೆ ಕುಡಿಯಾಕ ನೀರಿಲ್ಲ, ನೀ ಹೂವಿಗೆ ನೀರ ಹಾಕತಿ ಏನವಾ?”

ಏಪ್ರಿಲ್ ತಿಂಗಳ ಒಂದು ಮುಂಜಾನೆ ನಮ್ಮ ಅತ್ತೆಯವರು ಹೀಗೆ ಕೇಳಿದಾಗ ನನ್ನ ಕೈಯಲ್ಲಿ ತುಂಬಿದ ತಂಬಿಗೆ ಇತ್ತು, ಎದುರಿಗೆ ಬಾಡಿ ಜೋತುಬಿದ್ದ ಡೇರೆ ಹೂವಿನ ಗಿಡ ಇತ್ತು. ನಾನು ತಿರುಗಿ ಮಾತಾಡಲಿಲ್ಲ. ಅವರು ಹೇಳಿದ್ದರಲ್ಲಿ ಸುಳ್ಳೇನಿತ್ತು? ನಮ್ಮ ಓಣಿಯ ನಳಕ್ಕೆ ನೀರು ಬಂದು ಆರು ದಿನವಾಗಿತ್ತು. ಮೇಲಾಗಿ ಅತ್ತೆಯವರು 1972ರ ಬರಗಾಲ ಕಂಡವರು. ಆಗಿನ್ನೂ ಹೊಸದಾಗಿ ಮದುವೆಯಾಗಿ ಬಂದ ಹುಡುಗಿ. ತಲೆಯ ಮೇಲೊಂದು, ಸೊಂಟದ ಮೇಲೊಂದು ಕೊಡ ಹೊತ್ತು ಹಳ್ಳದ ಒರತೆಯಿಂದ ನೀರು ತಂದವರು. ಬರಗಾಲದ ಕಾಮಗಾರಿಯಲ್ಲಿ ರಸ್ತೆಗೆ ಕಲ್ಲು ಒಡೆದವರು. ಅಂಥವರ ಮುಂದೆ ತಂಬಿಗೆ ನೀರಿನ ಲೆಕ್ಕ ತಪ್ಪಿಸುವುದು ಯಾರಿಂದಾದೀತು?

ಆದರೆ ಸೋದರಿಯರೇ, ನನ್ನ ಮನಸ್ಸಿನ ಮಾತನ್ನೂ ನಿಮ್ಮ ಮುಂದೆ ಹೇಳಬೇಕಲ್ಲ! ನಮ್ಮ ವಿಜಯಪುರ ಜಿಲ್ಲೆಯ ಬೇಸಿಗೆ ಎಂದರೆ ಯುಗಾದಿ ಮುಗಿಯುತ್ತಲೇ ಬಿಸಿಲು 40 ಡಿಗ್ರಿ ದಾಟುತ್ತದೆ. ಜೋಳ ಕಿತ್ತ ಎರೆಹೊಲ ಬಿರುಕು ಬಿಟ್ಟು ಕರ್ರಗೆ ಬಿದ್ದಿರುತ್ತದೆ. ಕಣ್ಣು ಹಾಯಿಸಿದಷ್ಟು ದೂರ ಮಣ್ಣಿನದೊಂದೇ ಬಣ್ಣ. ದಿನವೆಲ್ಲ ಒಲೆಯ ಮುಂದೆ ರೊಟ್ಟಿ ಬಡಿದು ಬೆಂದು, ಹಿತ್ತಲ ಬಾಗಿಲಿಗೆ ಬಂದು ನಿಂತಾಗ ಕಣ್ಣು ಒಂದಿಷ್ಟು ಕೆಂಪು, ಒಂದಿಷ್ಟು ಹಳದಿ ಬೇಡಿದರೆ ಅದು ದೊಡ್ಡ ಆಸೆಯೇ?

ಆ ಆಸೆಗೆ ಬಿದ್ದೇ ಎರಡು ವರ್ಷ ಪೇಟೆಯಿಂದ ಗುಲಾಬಿ, ಡೇರೆ ತಂದು ನೆಟ್ಟಿದ್ದೆ. ಆರುನೂರು ರೂಪಾಯಿ ಹೋಯಿತು, ಗಿಡಗಳೂ ಹೋದವು. ಡೇರೆ ತಂಪು ಬೇಡುವ ಗಿಡ, ಅದು ಚಳಿಗಾಲದ ಬೆಡಗಿ ಎಂದು ನನಗೆ ತಿಳಿದದ್ದು ಅದು ಸತ್ತ ಮೇಲೆ. ಅತ್ತೆಯವರ ಮಾತು ಕೇಳಿದ ದಿನ ಕುಂಡಗಳನ್ನೆಲ್ಲ ಬೋರಲು ಹಾಕಿ, ಹೂವು ನೀರಿದ್ದವರ ಮನೆಗೆ, ನಮಗಲ್ಲ ಎಂದುಕೊಂಡು ಸುಮ್ಮನಾದೆ.

ಅಷ್ಟರಲ್ಲಿ ಮುದ್ದೇಬಿಹಾಳದಿಂದ ಫೋನು ಬಂತು. ನಮ್ಮ ನಾದಿನಿಯ ಮಗಳ ಕುಬಸ. “ವೈನಿ, ನೀವು ನಾಲ್ಕ ದಿನ ಮೊದಲ ಬರಬೇಕ ನೋಡ್ರಿ” ಎಂದು ಒತ್ತಾಯ. ದಾರಿಯಲ್ಲಿ ಸಿಂದಗಿಯಲ್ಲಿ ನನ್ನ ತಂಗಿಯ ಮನೆ, ಮುಂದೆ ಬಸವನ ಬಾಗೇವಾಡಿಯಲ್ಲಿ ಬಸವಣ್ಣನ ದರ್ಶನ. 2023ರ ಜೂನ್‌ನಿಂದ ನಮ್ಮ ರಾಜ್ಯದ ಹೆಣ್ಣುಮಕ್ಕಳಿಗೆ ಸರಕಾರಿ ಬಸ್ಸಿನಲ್ಲಿ ಟಿಕೀಟಿನ ಖರ್ಚಿಲ್ಲವಾದ್ದರಿಂದ ಇವರೂ ಇಲ್ಲವೆನ್ನಲಿಲ್ಲ. ಹೀಗೆ ಹೊರಟ ನಾನು ನಾಲ್ಕು ಊರುಗಳ ಹಿತ್ತಲು ನೋಡಿ ಬಂದೆ. ಕಲಿತದ್ದನ್ನು ನಿಮಗೂ ಹೇಳಬೇಕೆನಿಸಿ ಈ ನಾಲ್ಕು ಮಾತು.

ಇಂಡಿ ಬಿಡುವಾಗಲೇ ಮೊದಲ ಪಾಠ ಸಿಕ್ಕಿತು. ನಮ್ಮ ಊರಿನ ಲಿಂಬೆ ಹೆಸರುವಾಸಿ. ಇಂಡಿ ಲಿಂಬೆಗೆ ಭೌಗೋಳಿಕ ಸೂಚಿಯ ಮಾನ್ಯತೆಯೂ ಸಿಕ್ಕಿದೆ. ಇಷ್ಟು ವರ್ಷ ಆ ತೋಟಗಳನ್ನು ನೋಡಿಯೂ ನೋಡದ ಹಾಗೆ ಇದ್ದೆ. ಅಂದು ಬಸ್ಸಿನ ಕಿಟಕಿಯಿಂದ ಗಮನಿಸಿದೆ: ಸುತ್ತಲ ಹೊಲ ಒಣಗಿ ನಿಂತಿದ್ದರೂ ಲಿಂಬೆಗಿಡ ಹಸಿರಾಗಿದ್ದವು. ಒಂದೊಂದು ಗಿಡದ ಬುಡಕ್ಕೆ ಕಸ, ಕಣಿಕೆ ಹೊದಿಸಿ, ಕೊಳವೆಯಿಂದ ಹನಿಹನಿಯಾಗಿ ನೀರು ಬಿಟ್ಟಿದ್ದರು. ನಾನಾದರೋ ಬೆಳಿಗ್ಗೆ ಬಿಸಿಲೇರಿದ ಮೇಲೆ ಎಲೆಯ ಮೇಲೆ ತಂಬಿಗೆ ಸುರಿಯುತ್ತಿದ್ದೆ! ಅರ್ಧ ನೀರು ಬಿಸಿಲಿಗೆ, ಅರ್ಧ ಮಣ್ಣಿನ ಬಿರುಕಿಗೆ. ಗಿಡಕ್ಕೆ ಏನು ಉಳಿದೀತು?

ದಾರಿಯುದ್ದಕ್ಕೂ ಅಲ್ಲಲ್ಲಿ ಗುಲಮೊಹರ ಗಿಡಗಳು. ಕಾಯಿ ಉದ್ದ ಕತ್ತಿಯಂತೆ ಇರುವುದರಿಂದ ಕತ್ತಿಕಾಯಿ ಗಿಡ ಎಂದೂ ಕರೆಯುತ್ತಾರೆ. ಎಲೆ ಕಾಣದಂತೆ ಕೆಂಪು ಹೂ. ಅದಕ್ಕೆ ಯಾರೂ ಕೊಡ ಹೊತ್ತು ನೀರು ಹಾಕಿದವರಿಲ್ಲ. ಅದರ ತವರು ದೂರದ ಮಡಗಾಸ್ಕರ ದ್ವೀಪ. ಅಲ್ಲಿಂದ ಬಂದ ಗಿಡ ನಮ್ಮ ಬಿಸಿಲಿಗೆ ಹೊಂದಿಕೊಂಡಿತು, ನಾನು ತಂದ ಡೇರೆ ಹೊಂದಿಕೊಳ್ಳಲಿಲ್ಲ. ಹಾಗಾದರೆ ತಪ್ಪು ಬಿಸಿಲಿನದಲ್ಲ, ಗಿಡ ಆರಿಸಿದವಳದು!

ಸಿಂದಗಿಯಲ್ಲಿ ನನ್ನ ತಂಗಿಯದು ಬಾಡಿಗೆ ಮನೆ. ಅಂಗಳದಲ್ಲಿ ಗಿಡ ಹಚ್ಚಿದರೆ ಬೇರು ಗೋಡೆಗೆ ಹೋಗುತ್ತದೆಂದು ಮನೆಯ ಮಾಲಕರು ಒಪ್ಪುವುದಿಲ್ಲ. ಆದರೂ ಮುಂಜಾನೆ ಚಹ ಕುಡಿದು ಮಾಳಿಗೆ ಹತ್ತಿದಾಗ ಬೆರಗಾದೆ. ಎಣ್ಣೆ ಡಬ್ಬಿ, ತೂತು ಬಿದ್ದ ಬಕೀಟು, ಒಡೆದ ಗಡಿಗೆ, ಮೊಮ್ಮಗನ ಹಳೇ ಟಬ್ಬು, ಎಲ್ಲದರಲ್ಲೂ ದಪ್ಪ ದಪ್ಪ ಸಣ್ಣ ಎಲೆಯ ಗಿಡ. ಹೂವು ಮಾತ್ರ ಕಾಣಲಿಲ್ಲ.

“ಹೂವ ಎಲ್ಲಿ?” ಎಂದೆ.

“ಸ್ವಲ್ಪ ತಡಿ ಅಕ್ಕಾ, ಅವು ಇನ್ನೂ ಎದ್ದಿಲ್ಲ” ಎಂದು ನಕ್ಕಳು.

ಬಿಸಿಲು ಚುರುಕಾದಂತೆ ಒಂದೊಂದೇ ಅರಳಿದವು. ಕೆಂಪು, ಗುಲಾಬಿ, ಹಳದಿ, ಕಿತ್ತಳೆ, ಬಿಳಿ. ಹತ್ತು ಹೊಡೆಯುವಷ್ಟರಲ್ಲಿ ಮಾಳಿಗೆಯ ಮೇಲೆ ಕೌದಿ ಹಾಸಿದ ಹಾಗಾಯಿತು. ಇದೇ ಹತ್ತು ಗಂಟೆ ಹೂವು. ಕೆಲವರು ಟೇಬಲ್ ರೋಜ್ ಎನ್ನುತ್ತಾರೆ. ದಕ್ಷಿಣ ಅಮೆರಿಕದ ಗಿಡ. ದಪ್ಪ ಎಲೆಯೊಳಗೆ ನೀರು ಕೂಡಿಟ್ಟುಕೊಳ್ಳುವುದರಿಂದ ದಿನ ಬಿಟ್ಟು ದಿನ ಒಂದು ಲೋಟ ನೀರು ಹಾಕಿದರೂ ನಡೆಯುತ್ತದೆ. ನೆರಳಿನಲ್ಲಿಟ್ಟರೆ ಮಾತ್ರ ಮುನಿಸು, ಅರಳುವುದೇ ಇಲ್ಲ. ಮಧ್ಯಾಹ್ನ ಕಳೆದ ಮೇಲೆ ಮುಚ್ಚಿಕೊಳ್ಳುತ್ತದೆ. ಬೀಜವೂ ಬೇಡ: ನಾಲ್ಕು ಬೆರಳುದ್ದ ಎಳೆ ಚಿವುಟಿ ಮಣ್ಣಿಗೆ ಚುಚ್ಚಿದರೆ ಬೇರು ಬಿಡುತ್ತದೆ. ಡಬ್ಬಿಯ ತಳಕ್ಕೆ ಮೂರು ನಾಲ್ಕು ತೂತು ಹಾಕುವುದನ್ನು ಮಾತ್ರ ಮರೆಯಬೇಡಿ. ನೀರು ನಿಂತರೆ ಬುಡ ಕೊಳೆಯುತ್ತದೆ.

ಪಕ್ಕದಲ್ಲೇ ಜೀನಿಯಾ ಮತ್ತು ಗೈಲಾರ್ಡಿಯಾ ಇದ್ದವು. ಕೆಂಪು ಹೂವಿಗೆ ಹಳದಿ ಅಂಚಿನ ಈ ಗೈಲಾರ್ಡಿಯಾಕ್ಕೆ ಸೊಲ್ಲಾಪುರದ ಕಡೆಯ ಪೇಟೆಯಲ್ಲಿ ಗಲಾಂಡಾ ಎನ್ನುತ್ತಾರೆ. ಎರಡನ್ನೂ ಫೆಬ್ರವರಿಯಲ್ಲಿ ಬೀಜ ಹಾಕಿ ಎಬ್ಬಿಸಿದರೆ ಏಪ್ರಿಲ್‌ನಿಂದ ಹೂವು. ಒಣಗಿದ ಹೂ ಕತ್ತರಿಸುತ್ತ ಹೋದಷ್ಟೂ ಹೊಸ ಮೊಗ್ಗು ಬರುತ್ತವೆ. ಕೊನೆಯ ನಾಲ್ಕು ಹೂವನ್ನು ಗಿಡದಲ್ಲೇ ಒಣಗಲು ಬಿಟ್ಟರೆ ಮುಂದಿನ ವರ್ಷಕ್ಕೆ ಬೀಜ ಮನೆಯಲ್ಲೇ ಆಯಿತು. “ಬಾಡಿಗಿ ಮನಿ ಬಿಡುವಾಗ ಪಾತ್ರಿ ಸಂಗಾಟ ತ್ವಾಟಾನೂ ಗಾಡಿ ಹತ್ತತದ” ಎಂದಳು ತಂಗಿ. ಒದ್ದೆ ಅರಿವೆಯಲ್ಲಿ ಒಂದು ಹಿಡಿ ಹತ್ತು ಗಂಟೆ ಹೂವಿನ ಎಳೆ ಸುತ್ತಿಕೊಟ್ಟಳು.

ಸಿಂದಗಿಯಿಂದ ಬಾಗೇವಾಡಿಯ ಸೀಮೆಗೆ ಬರುವಾಗ ಎರಡು ಹಿಪ್ಪರಗಿ ಹೆಸರು ಕೇಳುತ್ತೀರಿ. ಒಂದು ದೇವರ ಹಿಪ್ಪರಗಿ, ಇನ್ನೊಂದು ಹೂವಿನ ಹಿಪ್ಪರಗಿ. ಇಂಥ ಬಯಲುಸೀಮೆಯಲ್ಲಿ ಒಂದು ಊರಿಗೆ ದೇವರ ಹೆಸರು, ಇನ್ನೊಂದಕ್ಕೆ ಹೂವಿನ ಹೆಸರು! ನಮ್ಮ ಹಿರಿಯರಿಗೆ ದೇವರಷ್ಟೇ ಹೂವೂ ಬೇಕಾಗಿತ್ತೆಂದು ಕಾಣುತ್ತದೆ ಎಂದುಕೊಳ್ಳುತ್ತ ಕುಳಿತೆ.

ಬಸವನ ಬಾಗೇವಾಡಿ ಎಂದರೆ ಹನ್ನೆರಡನೆಯ ಶತಮಾನದ ಬಸವಣ್ಣನವರು ಹುಟ್ಟಿದ ಊರು. ಗುಡಿಗೆ ಹೋಗಿ, ದೊಡ್ಡ ಬಸವಣ್ಣನಿಗೆ ಕೈಮುಗಿದು ಹೊರಬಂದಾಗ ಹೂವು ಪತ್ರಿ ಮಾರುವ ಒಬ್ಬ ಅಜ್ಜಿಯ ಮುಂದೆ ಕುಳಿತೆ. ಬುಟ್ಟಿಯಲ್ಲಿ ಚೆಂಡು ಹೂ ಅರ್ಧ ಬಾಡಿತ್ತು, ಮಲ್ಲಿಗೆ ಮೊಳಕ್ಕೆ ಮೂವತ್ತು ರೂಪಾಯಿ. ಕಣಗಲ ಹೂ ಮಾತ್ರ ಆಗ ತಾನೆ ಹರಿದ ಹಾಗೆ ಗುಲಾಬಿ ಬಣ್ಣದಲ್ಲಿ ನಗುತ್ತಿತ್ತು.

“ಆಯಿ, ಇದು ಹ್ಯಾಂಗ ಇಷ್ಟ ತಾಜಾ ಐತಿ?”

“ಕಣಗಲ ಏನ ಕೇಳತೈತಿ ಯವ್ವಾ? ನೀರ ಕೊಟ್ಟರ ಕುಡಿತೈತಿ, ಕೊಡದಿದ್ದರ ಸುಮ್ಮ ಇರತೈತಿ. ಕಡದರ ಎರಡ ಟೊಂಗಿ ಹೆಚ್ಚಿಗಿ ಒಡಿತೈತಿ.”

ಎಷ್ಟು ಸುಲಭದಲ್ಲಿ ಹೇಳಿಬಿಟ್ಟಳು ನೋಡಿ! ಕಣಗಲಕ್ಕೆ ಸವುಳು ನೀರೂ ಆದೀತು, ಎರೆಭೂಮಿಯೂ ಆದೀತು. ಬೋರಿನ ನೀರಿನಲ್ಲಿ ಉಪ್ಪಿನಂಶ ಇರುವ ಮನೆಗಳಿಗೆ ಇದಕ್ಕಿಂತ ಒಳ್ಳೆಯ ಗಿಡವಿಲ್ಲ. ಆದರೆ ಒಂದು ಎಚ್ಚರಿಕೆ. ಕಣಗಲದ ಎಲೆ, ಹೂ, ಕಾಯಿ, ಬೇರು, ಹಾಲು ಎಲ್ಲವೂ ವಿಷ. ಆಡುವ ಕೂಸು, ಆಡು, ಆಕಳು ಬಾಯಿ ಹಾಕುವ ಜಾಗದಲ್ಲಿ ಹಚ್ಚಬೇಡಿ. ಕಡಿದ ಮೇಲೆ ಕೈ ತೊಳೆಯಿರಿ, ಒಣ ಟೊಂಗೆಯನ್ನು ಒಲೆಗೂ ಹಾಕಬೇಡಿ, ಅದರ ಹೊಗೆಯೂ ಒಳ್ಳೆಯದಲ್ಲ. ಬಣ್ಣಕ್ಕೆ ರತ್ನಗಂಧಿಯನ್ನೂ ಹಚ್ಚಬಹುದು. ಕೆಂಪು ಹಳದಿ ಗೊಂಚಲು, ಅದಕ್ಕೂ ನೀರಿನ ಹಟವಿಲ್ಲ. ಅಜ್ಜಿ ನನ್ನ ಆಸೆ ನೋಡಿ ಮರುದಿನದ ಹೂವಿಗೆಂದು ತಂದಿದ್ದ ಟೊಂಗೆಯಲ್ಲಿ ಎರಡು ಗೇಣುದ್ದದ ಕಡ್ಡಿ ಮುರಿದುಕೊಟ್ಟಳು. “ಬಾಟಲಿ ನೀರಾಗ ಇಡು, ಬೇರ ಬರತಾವ” ಎಂದಳು.

ಮುದ್ದೇಬಿಹಾಳದಲ್ಲಿ ನಾದಿನಿಯ ಮನೆಯ ಗೇಟಿನ ಮೇಲೆ ಬೋಗನ್‌ವಿಲ್ಲಾ ಕಮಾನು ಕಟ್ಟಿ ಹಬ್ಬಿತ್ತು. ನಾವು ಇದಕ್ಕೆ ಕಾಗದದ ಹೂವು ಎನ್ನುತ್ತೇವೆ. ಬಣ್ಣದ್ದು ನಿಜವಾಗಿ ಹೂವಲ್ಲ, ಬಣ್ಣ ತಿರುಗಿದ ಎಲೆ. ಅದರ ನಡುವಿನ ಸಣ್ಣ ಬಿಳಿ ಕೊಳವೆಯೇ ಹೂವು. ಮೊದಲು ನಮ್ಮ ಅಣ್ಣನವರು, ಎಂದರೆ ನಾದಿನಿಯ ಯಜಮಾನರು, ದಿನಾ ಎರಡು ಕೊಡ ನೀರು ಹಾಕಿ ಸಾಕುತ್ತಿದ್ದರಂತೆ. ಬರೀ ಎಲೆ, ಮುಳ್ಳು. ಒಂದು ಬೇಸಿಗೆ ನೀರಿನ ತಾಪತ್ರಯದಲ್ಲಿ ಅದನ್ನು ಮರೆತೇಬಿಟ್ಟರು. ಆ ವರ್ಷ ಗಿಡ ತುಂಬ ಬಣ್ಣ! ಈ ಗಿಡದ ಗುಣವೇ ಅದು. ಬೇರೂರಿದ ಮೇಲೆ ಮಣ್ಣು ಒಣಗಲು ಬಿಟ್ಟು ನೀರು ಕೊಟ್ಟರೆ ಹೂವು, ಸದಾ ಒದ್ದೆ ಇಟ್ಟರೆ ಎಲೆ. ಹೂವಿನ ಸುಗ್ಗಿ ಮುಗಿದ ಮೇಲೆ ತುದಿ ಕತ್ತರಿಸಬೇಕು. ಪೆನ್ಸಿಲ್ ದಪ್ಪದ ಕಡ್ಡಿಯನ್ನು ಮಿರಗದ ಮಳೆ ಬಿದ್ದ ಮೇಲೆ ನೆಟ್ಟರೆ ಚಿಗುರುತ್ತದೆ.

ಕುಬಸದ ದಿನ ಹುಡುಗಿಗೆ ಹಸಿರು ಸೀರೆ ಉಡಿಸಿ, ಹಸಿರು ಬಳೆ ಇಡಿಸಿ, ಮುಡಿಗೆ ದಂಡೆ ಕಟ್ಟಿದರು. ಹಿತ್ತಲ ದುಂಡುಮಲ್ಲಿಗೆ, ನಡುನಡುವೆ ಅಬ್ಬಲಿಗೆ. ದುಂಡುಮಲ್ಲಿಗೆಯ ಗುಟ್ಟನ್ನೂ ಕೇಳಿಕೊಂಡೆ. ನವೆಂಬರ್ ಕೊನೆಗೆ ನೀರು ಕಡಿಮೆ ಮಾಡಿ, ಟೊಂಗೆ ಕತ್ತರಿಸಿ, ಬುಡಕ್ಕೆ ಗೊಬ್ಬರ ಕೊಟ್ಟರೆ ಬೇಸಿಗೆಯಲ್ಲಿ ಮೊಗ್ಗು ಹಿಡಿಯುತ್ತದೆ. ಹೆಂಗಸರೆಲ್ಲ ಸೇರಿ ಸೋಬಾನೆ ಹಾಡುವಾಗ ನನಗೆ ನಮ್ಮ ಕಡೆಯ ಹಲಸಂಗಿ ನೆನಪಾಯಿತು. ಆ ಊರಿನ ಗೆಳೆಯರ ಗುಂಪು 1930ರ ದಶಕದಲ್ಲಿ ಹಳ್ಳಿಯ ಹೆಣ್ಣುಮಕ್ಕಳ ಬಾಯಿಯ ಹಾಡುಗಳನ್ನು ಕೂಡಿಸಿ ಪುಸ್ತಕ ಮಾಡಿತು. ಒಂದು ಪುಸ್ತಕದ ಹೆಸರೇ ‘ಮಲ್ಲಿಗೆ ದಂಡೆ’. ಮಳೆ ಕಾಣದ ಸೀಮೆಯ ಹೆಂಗಸರು ಬೀಸುತ್ತ ಕುಟ್ಟುತ್ತ ಹೂವನ್ನು ಹಾಡಿದವರು. ಹೂವಿನ ಆಸೆ ನಾನೊಬ್ಬಳೇ ಹೊಸದಾಗಿ ತಂದದ್ದಲ್ಲ ಎಂದು ಮನಸ್ಸು ಹಗುರಾಯಿತು.

ನಾದಿನಿಯ ಹಿತ್ತಲಲ್ಲಿ ಇನ್ನೊಂದು ಗಿಡವಿತ್ತು. ಕೆಂಪು ಮುದ್ದೆ ದಾಸವಾಳ. ಆಳೆತ್ತರ, ಕಾಂಡ ನನ್ನ ಮುಂಗೈಯಷ್ಟು ದಪ್ಪ. ನಾದಿನಿ ಲಗ್ನವಾಗಿ ಹೋದದ್ದು ಕೃಷ್ಣೆಯ ದಂಡೆಯ ಒಂದು ಹಳ್ಳಿಗೆ. ಆಲಮಟ್ಟಿಯ ಹಿನ್ನೀರಿನಲ್ಲಿ ಆ ಹಳ್ಳಿ ಮುಳುಗಿತು. ಮನೆ ಖಾಲಿ ಮಾಡುವ ದಿನ ಎಲ್ಲರೂ ಬಾಗಿಲು, ತೊಲೆ ಬಿಚ್ಚುವುದರಲ್ಲಿದ್ದಾಗ ಇವಳು ಹಿತ್ತಲಿಗೆ ಹೋಗಿ ದಾಸವಾಳದ ಕಡ್ಡಿ ಮುರಿದು, ತೊಯ್ದ ಗೋಣಿಚೀಲದಲ್ಲಿ ಸುತ್ತಿ ತಂದಳಂತೆ. ಅದೇ ಈ ಗಿಡ. ಇದಕ್ಕೆ ಕಣಗಲದಂತೆ ಅಲ್ಲ, ನೀರು ತಪ್ಪದೆ ಬೇಕು. ಒಂದು ದಿನ ಹೆಚ್ಚು, ನಾಲ್ಕು ದಿನ ಇಲ್ಲ ಎಂದರೆ ಮೊಗ್ಗು ಉದುರುತ್ತದೆ. ಆದ್ದರಿಂದ ಅಕ್ಕಿ, ಬೇಳೆ, ಕಾಯಿಪಲ್ಲೆ ತೊಳೆದ ನೀರೆಲ್ಲ ಇದಕ್ಕೇ ಮೀಸಲು. “ಕುಡಿಯೂ ನೀರ ಒಂದ ಹನಿ ಹಾಕೂದಿಲ್ಲ ವೈನಿ” ಎಂದಳು.

ಮರುದಿನ ಮನೆಯವರೆಲ್ಲ ಆಲಮಟ್ಟಿಗೆ ಹೋದೆವು. 1964ರಲ್ಲಿ ಲಾಲ್ ಬಹಾದ್ದೂರ ಶಾಸ್ತ್ರಿಯವರು ಅಡಿಗಲ್ಲು ಹಾಕಿದ ಅಣೆಕಟ್ಟು ಅದು. ಅಲ್ಲಿನ ಉದ್ಯಾನಗಳಲ್ಲಿ ಬಣ್ಣಕ್ಕೆ ಬರವಿಲ್ಲ. ಮಕ್ಕಳು ರಾಕ್ ಗಾರ್ಡನ್ನಿನಲ್ಲಿ ಓಡಾಡಿ ದಣಿದರು, ಕಾರಂಜಿ ನೋಡಿ ಕುಣಿದರು. ನಾನೂ ಕಣ್ತುಂಬ ನೋಡಿದೆ. ನಾದಿನಿ ಮಾತ್ರ ಹೂವಿಗೆ ಬೆನ್ನು ಮಾಡಿ ನೀರಿನ ಕಡೆ ನೋಡುತ್ತ ನಿಂತಿದ್ದಳು. “ಅಲ್ಲೇ ಒಳಗ ಐತಿ ನೋಡ್ರಿ ನಮ್ಮ ಮನಿ” ಎಂದಳು. ಅವಳ ಕೈ ಹಿಡಿದು ನಾನೂ ಅಲ್ಲೇ ನಿಂತೆ. ಇಷ್ಟು ನೀರಿನ ಮುಂದೆ ನಿಂತು ನನಗೆ ಕಾಣುತ್ತಿದ್ದುದು ಅವಳ ಹಿತ್ತಲ ಆ ಒಂದೇ ಗಿಡ. ಹೊರಡುವಾಗ ಹೋದ ಮಳೆಗಾಲದಲ್ಲಿ ಚೀಲದಲ್ಲಿ ಬೇರು ಬರಿಸಿದ್ದ ಅದರ ಒಂದು ಸಸಿಯನ್ನು ನನ್ನ ಉಡಿಗೆ ಹಾಕಿದಳು.

ಮನೆಗೆ ಬಂದು ಹೀಗೆ ಮಾಡಿದ್ದೇನೆ, ನಿಮಗೂ ಉಪಯೋಗವಾದೀತು. ಬರೀ ಎರೆಮಣ್ಣು ಕುಂಡಕ್ಕೆ ಆಗದು. ಒಣಗಿದರೆ ಕಲ್ಲು, ತೊಯ್ದರೆ ರಾಡಿ. ಎರೆಮಣ್ಣು, ಮರಳು, ಕಳಿತ ಸಗಣಿಗೊಬ್ಬರ ಸಮಪಾಲು ಬೆರೆಸಿ. ಬುಡದ ಸುತ್ತ ತೊಗರಿ ಹೊಟ್ಟನ್ನೋ ಒಣ ಎಲೆಯನ್ನೋ ಮೂರು ಬೆರಳು ದಪ್ಪ ಹೊದಿಸಿ, ಕಾಂಡಕ್ಕೆ ಮಾತ್ರ ತಾಗಿಸಬೇಡಿ. ನೀರು ಸಂಜೆ ಅಥವಾ ನಸುಕಿನಲ್ಲಿ, ಎಲೆಗಲ್ಲ, ಬುಡಕ್ಕೆ. ದಾಸವಾಳ, ಮಲ್ಲಿಗೆಯ ಪಕ್ಕ ಒಂದು ಸಣ್ಣ ಮಣ್ಣಿನ ಗಡಿಗೆಯನ್ನು ಕುತ್ತಿಗೆ ಮಟ ಹೂಳಿ, ನೀರು ತುಂಬಿ, ಮುಚ್ಚಳ ಮುಚ್ಚಿಡಿ. ಗಡಿಗೆ ಮೆಲ್ಲಗೆ ಜಿನುಗಿ ಬೇರಿಗೆ ನೀರು ಉಣಿಸುತ್ತದೆ. ಸಾಬೂನಿನ ನೀರು, ಉಪ್ಪು ಹಾಕಿದ ನೀರು ಕುಂಡಕ್ಕೆ ಬೇಡ. ದಾಸವಾಳಕ್ಕೆ ಬಿಳಿ ಅರಳೆಯಂಥ ಹಿಟ್ಟುತಿಗಣೆ ಹತ್ತಿದರೆ ಒಂದು ಲೀಟರ್ ನೀರಿಗೆ ಒಂದು ಚಹದ ಚಮಚ ಬೇವಿನೆಣ್ಣೆ, ಎರಡು ಹನಿ ಸಾಬೂನು ನೀರು ಸೇರಿಸಿ ಸಂಜೆ ಹೊತ್ತು ಸಿಂಪಡಿಸಿ. ಜಾಗ ಉಳಿದರೆ ನಿತ್ಯಪುಷ್ಪ ಹಚ್ಚಿ. ಗುಲಾಬಿ, ಬಿಳಿ ಬಣ್ಣದಲ್ಲಿ ವರ್ಷವಿಡೀ ಹೂ. ಅದೂ ಮಡಗಾಸ್ಕರದಿಂದಲೇ ಬಂದದ್ದು. ರಕ್ತದ ಕ್ಯಾನ್ಸರಿಗೆ ಕೊಡುವ ಒಂದು ಔಷಧವನ್ನು ಅದರಿಂದ ತೆಗೆಯುತ್ತಾರೆ. ಹಾಗೆಂದು ಮನೆಯಲ್ಲಿ ಅದರ ಕಷಾಯ ಗಿಷಾಯ ಮಾಡಬೇಡಿ, ಅದೂ ವಿಷವೇ.

ಇನ್ನು ಅತ್ತೆಯವರ ವಿಷಯ. ನಾನು ಚೀಲ ಬಿಚ್ಚಿ ಎಳೆ, ಕಡ್ಡಿ, ಸಸಿ ಹೊರಗೆ ತೆಗೆಯುವಾಗ ಅವರು ಕಟ್ಟೆಯ ಮೇಲೆ ಕುಳಿತು ನೋಡುತ್ತಿದ್ದರು. ಏನನ್ನುತ್ತಾರೋ ಎಂದು ಎದೆ ಡವಗುಟ್ಟುತ್ತಿತ್ತು. ಬಾಟಲಿಯಲ್ಲಿ ಕಣಗಲದ ಕಡ್ಡಿ ಇಟ್ಟಾಗ ಕೈಚಾಚಿ ಅದನ್ನು ಇಸಿದುಕೊಂಡರು. ತಿರುಗಿಸಿ ನೋಡಿದರು.

“ಎಪ್ಪತ್ತೆರಡರಾಗ ನಮ್ಮ ಬಾವಿ ಕಟ್ಟಿ ಮಗ್ಗಲಾಗ ಒಂದ ಕಣಗಲ ಇತ್ತು. ಬಾವಿ ಬತ್ತಿತು, ಅದು ಬತ್ತಲಿಲ್ಲ. ಖಾಲಿ ಕೊಡಾ ಹಿಡದ ನಿಂತಾಗ ಅದನ್ನs ನೋಡತಿದ್ವಿ” ಎಂದರು.

ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಹೇಳಿದರು: “ಕುಡಿಯೂ ನೀರ ಮುಟ್ಟಬ್ಯಾಡ. ಅಕ್ಕಿ ತೊಳದ ನೀರ ನನ್ನ ಕೈಯಾಗ ಕೊಡು.”

ಈಗ ನಮ್ಮ ಮನೆಯಲ್ಲಿ ಒಂದು ಬಕೀಟು ಹಿತ್ತಲ ಬಾಗಿಲಲ್ಲೇ ಇರುತ್ತದೆ. ಅಡಿಗೆಮನೆಯ ತೊಳೆದ ನೀರೆಲ್ಲ ಅದಕ್ಕೆ. ಸಂಜೆ ಅತ್ತೆಯವರು ಲೋಟದಿಂದ ಅಳೆದು ಅಳೆದು ಗಿಡಕ್ಕೆ ಹಾಕುತ್ತಾರೆ; ನಾನು ಒಂದು ಲೋಟ ಹೆಚ್ಚು ಹಾಕಿದರೆ ಬೈಗಳು ತಪ್ಪಿದ್ದಲ್ಲ. ಕಣಗಲಕ್ಕೆ ಬಿಳಿ ಬೇರು ಬಂದಿವೆ, ಮಿರಗಕ್ಕೆ ನೆಲಕ್ಕೆ ಇಳಿಸಬೇಕು. ದಾಸವಾಳ ಎರಡೆಲೆ ಉದುರಿಸಿ ಈಗ ಚಿಗುರಿದೆ. ಹತ್ತು ಗಂಟೆಯ ಹೂವಂತೂ ನಾನು ಬೋರಲು ಹಾಕಿದ್ದ ಅದೇ ಕುಂಡಗಳಲ್ಲಿ ಅರಳುತ್ತಿದೆ. ಹತ್ತಾದರೆ ಅತ್ತೆಯವರು, “ಏ, ಎದ್ದಾವ ಬಾರs” ಎಂದು ಕರೆಯುತ್ತಾರೆ. ಒಲೆ ಸಣ್ಣದು ಮಾಡಿ ಹೋಗಿ ನೋಡಿ ಬರುತ್ತೇನೆ.

ನಿಮ್ಮ ಊರಿನಲ್ಲೂ ಬಿಸಿಲಿದ್ದೀತು, ನೀರಿನ ಬಿಕ್ಕಟ್ಟಿದ್ದೀತು. ಪೇಟೆಗೆ ಹೋಗಿ ದುಡ್ಡು ಸುರಿಯುವ ಮೊದಲು ಒಮ್ಮೆ ಓಣಿಯಲ್ಲಿ ತಿರುಗಾಡಿ, ಮೇ ತಿಂಗಳ ಮಧ್ಯಾಹ್ನ ಯಾರ ಅಂಗಳದಲ್ಲಿ ಏನು ಅರಳಿದೆ ನೋಡಿ. ಅದೇ ನಿಮ್ಮ ಊರಿನ ಹೂವು. ಬಾಯಿಬಿಟ್ಟು ಒಂದು ಕಡ್ಡಿ ಕೇಳಿ. ಕಡ್ಡಿ ಕೇಳಿದರೆ ಇಲ್ಲವೆನ್ನುವ ಹೆಣ್ಣುಮಗಳನ್ನು ನಾನಂತೂ ಈ ನಾಲ್ಕು ಊರಿನಲ್ಲಿ ಕಾಣಲಿಲ್ಲ.